ಇಂಗ್ಲಿಷ್ ಓದು ಕಲಿಸುವ ಟೀಚರುಗಳಿಗೆ ತರಬೇತಿ ಕೊಡುವುದು ಹೇಗೆ?

ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅಂದಿನಿಂದ ತರಬೇತಿಗೇನೂ ಬರ ಬಂದಿಲ್ಲ. ಬೆಂಗಳೂರಿನ ಇಂಗ್ಲಿಷ್ ತರಬೇತಿ ಸಂಸ್ಥೆ ಆರ್‌ಐಇಎಸ್‌ಐಗೆ ಹೋಗಿ ಕಲಿತು ಬಂದವರಿದ್ದಾರೆ, ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಕೂತು ಎದ್ದವರಿದ್ದಾರೆ, ಪಿಪಿಟಿ ನೋಡುತ್ತ ತೂಕಡಿಸಿದವರಂತೂ ಎಲ್ಲ ಕಡೆ ಇದ್ದಾರೆ. ಆದರೂ ಐದನೇ ತರಗತಿಯ ಹುಡುಗನೊಬ್ಬ ಪಾಠದ ಪುಟವನ್ನು ಗಡಗಡ ಓದಿ ಮುಗಿಸುತ್ತಾನೆ. ಅದೇ ಪುಟದಲ್ಲಿರುವ 'ಟೇಬಲ್' ಪದವನ್ನು ಬೇರೆ ಚೀಟಿಯಲ್ಲಿ ಬರೆದು ಕೊಟ್ಟರೆ ಮುಖ ನೋಡುತ್ತಾನೆ. ಅವನು ಓದುತ್ತಿರಲಿಲ್ಲ, ಒಪ್ಪಿಸುತ್ತಿದ್ದ.

ಹಾವೇರಿ ಜಿಲ್ಲೆಯ ಒಂದು ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ನಾನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ). ತಿಂಗಳ ಸಮಾಲೋಚನಾ ಸಭೆಯಲ್ಲಿ, ಆಗೊಮ್ಮೆ ಈಗೊಮ್ಮೆ ಸಿಗುವ ಒಂದು ದಿನದ ಕಾರ್ಯಾಗಾರದಲ್ಲಿ, ಒಂದರಿಂದ ಐದನೇ ತರಗತಿಯ ಶಿಕ್ಷಕರ ಜೊತೆ ಈ ಕೆಲಸ ಮಾಡುತ್ತೇನೆ. ಹೊಸದಾಗಿ ಸಿಆರ್‌ಪಿ, ಬಿಆರ್‌ಪಿ (ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿ) ಆದವರು, ಇಲ್ಲವೇ ತಮ್ಮ ಶಾಲೆಯಲ್ಲೇ ನಾಲ್ಕು ಜನರನ್ನು ಕೂರಿಸಿಕೊಂಡು ಮಾತಾಡಬೇಕೆಂದಿರುವ ಮುಖ್ಯ ಶಿಕ್ಷಕರು ಕೇಳುತ್ತಿರುತ್ತಾರೆ, ಅವರಿಗಾಗಿ ಇದು. ನನ್ನ ಮಾತು ಇಷ್ಟೇ: ತರಬೇತಿಯಲ್ಲಿ ಟೀಚರುಗಳಿಗೆ ಇಂಗ್ಲಿಷ್ ಕಲಿಸಲು ಹೋಗಬೇಡಿ. ಕನ್ನಡ ಓದು ಕಲಿಸುವುದು ಅವರಿಗೆ ಚೆನ್ನಾಗಿ ಗೊತ್ತಿದೆ. ಆ ತಿಳಿವಳಿಕೆಯನ್ನೇ ಇಂಗ್ಲಿಷಿಗೆ ತಿರುಗಿಸುವುದು ಹೇಗೆಂದು ತೋರಿಸಿ.

ಮೊದಲು ಅಂಜಿಕೆ

ಸಭೆ ಶುರುವಾದ ಕೂಡಲೇ ಒಬ್ಬರಾದರೂ ಎದ್ದು ಹೇಳುತ್ತಾರೆ: "ಮೇಡಂ, ನಮಗ ಇಂಗ್ಲಿಷ್ ಬರಂಗಿಲ್ರಿ. ಹುಡುಗರಿಗೆ ಏನ್ ಕಲಸೋದ್ರಿ?" ಇದು ನೆಪ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಟಿಸಿಎಚ್ ಅಥವಾ ಡಿಎಡ್ ಶಿಕ್ಷಕ ತರಬೇತಿ ಮಾಡಿ ಬಂದವರು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಅವರನ್ನು ಮುಂದೆ ನಿಲ್ಲಿಸಿ "ನಿಮ್ಮ ಪರಿಚಯ ಇಂಗ್ಲಿಷಿನಲ್ಲಿ ಹೇಳಿ" ಅಂದರೆ ಆ ದಿನದ ಕೆಲಸ ಅಲ್ಲಿಗೇ ಕೆಟ್ಟಿತು ಅನ್ನಿ. ಪರಿಚಯ ಕನ್ನಡದಲ್ಲೇ ಆಗಲಿ, ಚರ್ಚೆಯೂ ಕನ್ನಡದಲ್ಲೇ ನಡೆಯಲಿ. ಒಬ್ಬರ ವ್ಯಾಕರಣವನ್ನು ಇನ್ನೊಬ್ಬರು ತಿದ್ದುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ.

ಒಂದರಿಂದ ಮೂರನೇ ತರಗತಿಗೆ ಬೇಕಾಗುವ ತರಗತಿ ಇಂಗ್ಲಿಷ್ ತೀರಾ ಸ್ವಲ್ಪ. ಕೂಡ್ರಿ, ಏಳಿ, ಇಲ್ಲಿ ಬಾ, ತೋರಿಸು, ಪುಸ್ತಕ ತೆಗಿ, ಮತ್ತೊಮ್ಮೆ ಹೇಳು, ಇದೇನು, ಅದೆಲ್ಲಿದೆ, ಚೆನ್ನಾಗಿ ಹೇಳಿದಿ. ಇಂಥ ಹದಿನೈದು ಇಪ್ಪತ್ತು ಮಾತುಗಳನ್ನು ಇಬ್ಬಿಬ್ಬರು ಜೋಡಿಯಾಗಿ, ಒಬ್ಬರು ಹೇಳಿದಂತೆ ಇನ್ನೊಬ್ಬರು ಮಾಡಿ ತೋರಿಸುತ್ತ ಅಭ್ಯಾಸ ಮಾಡಲಿ. ನಗು ಬಂದರೆ ಬರಲಿ. ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ.

ತೆಲುಗು ಹಾಳೆ

ಇಡೀ ದಿನದಲ್ಲಿ ಒಂದೇ ಚಟುವಟಿಕೆಗೆ ಸಮಯವಿದೆ ಎಂದಾದರೆ ನಾನು ಮಾಡಿಸುವುದು ಇದನ್ನೇ. ದೊಡ್ಡ ಹಾಳೆಯಲ್ಲಿ ತೆಲುಗು ಲಿಪಿಯಲ್ಲಿ ಒಂದು ಸಾಲು ಬರೆದು ಗೋಡೆಗೆ ಅಂಟಿಸುತ್ತೇನೆ. ತೆಲುಗು ಯಾಕೆಂದರೆ ಅದರ ಅಕ್ಷರಗಳು ನಮ್ಮವಕ್ಕೆ ಹತ್ತಿರ, ಭಾಷೆ ಮಾತ್ರ ನಮ್ಮ ಕಡೆಯವರಿಗೆ ಅಷ್ಟಾಗಿ ಬಾರದು. ಬಳ್ಳಾರಿ, ರಾಯಚೂರು, ಕೋಲಾರದ ಕಡೆಯವರಾದರೆ ಬೇರೆ ಭಾಷೆ ಹುಡುಕಿಕೊಳ್ಳಬೇಕು.

ಟೀಚರುಗಳು ಕಣ್ಣು ಕಿರಿದು ಮಾಡಿ, ಒಬ್ಬರಿಗೊಬ್ಬರು ಹೇಳಿಕೊಡುತ್ತ ಓದುತ್ತಾರೆ: "ಪಿಲ್ಲಿ... ಗೋಡ... ಮೀದ... ಕೂ...ರ್ಚುಂದಿ." ಎರಡು ಮೂರು ಸಲಕ್ಕೆ ಸರಾಗವಾಗುತ್ತದೆ. ಭೇಷ್ ಅನ್ನುತ್ತೇನೆ. ಆಮೇಲೆ ಕೆಳಗೆ ಪ್ರಶ್ನೆ ಬರೆಯುತ್ತೇನೆ: "ಗೋಡ ಮೀದ ಏಮಿ ಕೂರ್ಚುಂದಿ?" ಎಲ್ಲರೂ ಉತ್ತರ ಬರೆಯುತ್ತಾರೆ: "ಪಿಲ್ಲಿ." ಸರಿಯುತ್ತರ, ಎಲ್ಲರಿಗೂ ಪೂರ್ತಿ ಅಂಕ.

ಈಗ ಕೇಳುತ್ತೇನೆ, ಪಿಲ್ಲಿ ಅಂದರೇನು?

"ಪಿಳ್ಳಿ ಇರಬೇಕ್ರಿ ಮೇಡಂ, ಸಣ್ಣ ಕೂಸು."

"ಕೂಸನ್ನ ಯಾರರ ಗ್ವಾಡಿ ಮ್ಯಾಲ ಕೂಡ್ರಸ್ತಾರೇನ್ರಿ?"

"ಗ್ವಾಡಿ ಅಂತ ಯಾರು ಹೇಳಿದ್ರು? ಗೋಡಾ ಅಂದ್ರ ಕುದುರಿ. ಕುದುರಿ ಮ್ಯಾಲ ಕೂತಾನ." (ಇವರು ಹಿಂದಿ ಬಲ್ಲವರು.)

ಚಿತ್ರ ತೋರಿಸುತ್ತೇನೆ. ಗೋಡೆಯ ಮೇಲೆ ಬೆಕ್ಕು. ಒಂದು ಕ್ಷಣದಲ್ಲಿ ಎಲ್ಲ ಪದಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂಡುತ್ತವೆ. 'ಮೀದ' ಅಂದರೆ ಮೇಲೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇದಾದ ಮೇಲೆ ಉಪನ್ಯಾಸ ಕೊಡಬೇಡಿ, ಪ್ರಶ್ನೆ ಕೇಳಿ. ಓದಿದಿರಿ, ಆದರೆ ತಿಳಿಯಿತೇ? ಉತ್ತರ ಬರೆದಿರಿ, ಆದರೆ ತಿಳಿದು ಬರೆದಿರೇ? ಚಿತ್ರ ಮೊದಲೇ ಬಂದಿದ್ದರೆ ಏನಾಗುತ್ತಿತ್ತು? ನಿಮ್ಮ ತರಗತಿಯಲ್ಲಿ ಖಾಲಿ ಬಿಟ್ಟ ಸ್ಥಳ ತುಂಬಿ ಹತ್ತಕ್ಕೆ ಹತ್ತು ತೆಗೆಯುವ ಮಗು ಯಾವುದು? ಹೆಸರು ಹೇಳುವಾಗ ಹಲವರ ದನಿ ಸಣ್ಣದಾಗುತ್ತದೆ. ಅಕ್ಷರ ಕೂಡಿಸಿ ಓದುವುದು ಒಂದು, ಓದಿದ್ದು ತಿಳಿಯುವುದು ಇನ್ನೊಂದು, ಎರಡನ್ನೂ ಕಲಿಸಬೇಕು ಎಂಬುದನ್ನು ಆ ಹಾಳೆಯೇ ಹೇಳಿ ಮುಗಿಸಿರುತ್ತದೆ.

ರ ಗ ಸ ದ ಅ ಎಂಬ ಗೆಳೆಯರು

1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಕನ್ನಡವನ್ನು ಅ ಆ ಇ ಈ ಎಂದು ಶುರುಮಾಡುವುದಿಲ್ಲ. ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಯಾಕೆ ಎಂದು ಕೇಳಿ ನೋಡಿ, ನಲಿ-ಕಲಿ ಟೀಚರು ನಿದ್ದೆಯಲ್ಲೂ ಉತ್ತರ ಹೇಳುತ್ತಾರೆ: ಆ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಆಗುತ್ತವೆ, ಮಗು ಮೊದಲ ವಾರವೇ ಪದ ಓದುತ್ತದೆ. ಹಾಗಾದರೆ ಇಂಗ್ಲಿಷಿನಲ್ಲಿ ಮಾತ್ರ ಎ ಬಿ ಸಿ ಡಿ ಇಂದ ಝಡ್‌ವರೆಗೆ ಮುಗಿಯಲಿ ಎಂದು ದೀಪಾವಳಿವರೆಗೆ ಯಾಕೆ ಕಾಯುತ್ತೀರಿ?

ಎಸ್, ಎ, ಟಿ, ಪಿ, ಐ, ಎನ್. ಈ ಆರು ಅಕ್ಷರ ಮೊದಲು. ಇವುಗಳಿಂದ ಪದ ಕಟ್ಟಿ ಎಂದು ಗುಂಪುಗಳಿಗೆ ಬಿಡಿ. ಪಿನ್, ಟಿನ್, ಟ್ಯಾಪ್, ಪ್ಯಾನ್, ಪ್ಯಾಂಟ್, ಸಿಟ್. ಇವುಗಳಲ್ಲಿ ಹೆಚ್ಚಿನವು ಹಳ್ಳಿಯ ಮಗುವಿಗೂ ಗೊತ್ತಿರುವ ಪದಗಳು ಎಂಬುದನ್ನು ಗಮನಿಸಲು ಹೇಳಿ. ಮಗುವಿನ ಬಾಯಲ್ಲಿ ಈಗಾಗಲೇ ಇರುವ ಇಂಗ್ಲಿಷನ್ನು ಪಟ್ಟಿ ಮಾಡಿಸುವುದೂ ಒಳ್ಳೆಯ ಕೆಲಸ: ಬಸ್ಸು, ಬಕೆಟ್ಟು, ಲೈಟು, ಸ್ವಿಚ್ಚು, ಮೊಬೈಲು, ಟ್ರ್ಯಾಕ್ಟರು, ಟ್ರೇಲರು, ಪಂಪ್‌ಸೆಟ್ಟು, ಗೇಟು, ಟಿಕೆಟ್ಟು, ರೇಟು. ಮೆಣಸಿನಕಾಯಿ ಹೊತ್ತು ಬ್ಯಾಡಗಿ ಮಾರ್ಕೆಟ್ಟಿಗೆ ಅಪ್ಪನ ಜೊತೆ ಹೋಗಿ ಬಂದ ಹುಡುಗನ ಪಟ್ಟಿ ಇನ್ನೂ ಉದ್ದ. ಪಾರ್ಲೆ-ಜಿ ಪುಡಿಕೆ, ಯೂರಿಯಾ ಚೀಲ, ಬೀಜದ ಪಾಕೀಟುಗಳನ್ನು ಟೀಚರುಗಳೇ ಮನೆಯಿಂದ ತರಲಿ. ಓದಲು ಮೊದಲ ಪುಸ್ತಕ ಅವೇ.

ಇಲ್ಲೇ ಒಂದು ಜಗಳ ಏಳುತ್ತದೆ: ದೊಡ್ಡ ಅಕ್ಷರ ಮೊದಲೋ, ಸಣ್ಣ ಅಕ್ಷರ ಮೊದಲೋ? ಕನ್ನಡದಲ್ಲಿ ಈ ಎರಡು ಬಗೆ ಇಲ್ಲವಾದ್ದರಿಂದ ಮಗುವಿಗೆ ಇಪ್ಪತ್ತಾರು ಅಕ್ಷರ ಅಂದರೆ ಐವತ್ತೆರಡು ಆಕಾರ. ದೊಡ್ಡವು ಬರೆಯಲು ಸುಲಭ ಎಂದು ವಾದಿಸುವವರು ಇರುತ್ತಾರೆ. ಪುಸ್ತಕದ ಸಾಲಿನಲ್ಲಿ ಕಾಣುವುದು ಬಹುಪಾಲು ಸಣ್ಣವೇ, ಆದ್ದರಿಂದ ಓದಿಗೆ ಸಣ್ಣವೇ ಮೊದಲು. ಇಷ್ಟು ಹೇಳಿ ಮುಂದೆ ಹೋಗಿ, ಇದರಲ್ಲಿ ಮಧ್ಯಾಹ್ನ ಮಾಡಬೇಡಿ.

ಹೆಸರು ಬೇರೆ, ಸದ್ದು ಬೇರೆ

ನಿಜವಾದ ತಿರುಳು ಇಲ್ಲಿದೆ, ಇದಕ್ಕೆ ಕಡಿಮೆಯೆಂದರೂ ಎರಡು ಗಂಟೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. 'ಸ' ಎಂದು ಕಲಿತ ಮಗು 'ಸರ'ದಲ್ಲೂ 'ಸ' ಎಂದೇ ಓದುತ್ತದೆ. ಅದೇ ರೂಢಿಯಲ್ಲಿ ನಾವು "ಸಿ-ಎ-ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು" ಎಂದು ರಾಗವಾಗಿ ಹೇಳಿಸುತ್ತೇವೆ. ಸಿ, ಎ, ಟಿ ಮೂರನ್ನೂ ಪ್ರಾಮಾಣಿಕವಾಗಿ ಕೂಡಿಸಿದ ಮಗು 'ಸೀಯೇಟಿ' ಅನ್ನಬೇಕು. 'ವೈ' ಎಂಬ ಹೆಸರಿನಲ್ಲಿ ಇರುವುದು ವ, ಪದ ಓದುವಾಗ ಬೇಕಾದದ್ದು ಯ. 'ಡಬ್ಲ್ಯು'ವಿನಲ್ಲಿ ಏನಿದೆ ಎಂದು ದೇವರಿಗೇ ಗೊತ್ತು. ಹೆಸರು ನಿಘಂಟು ನೋಡಲು, ಸ್ಪೆಲ್ಲಿಂಗ್ ಹೇಳಲು ಬೇಕು. ಓದಲು ಬೇಕಾದದ್ದು ಸದ್ದು.

ಸದ್ದು ಕಲಿಸುತ್ತೇವೆ ಎನ್ನುವವರೂ ಎಡವುವುದು ಮುಂದಿನ ಮೆಟ್ಟಿಲಲ್ಲಿ. 'ಪಿ'ಯ ಸದ್ದು ಏನು ಎಂದರೆ 'ಪ' ಅನ್ನುತ್ತಾರೆ, 'ಎನ್'ನದು 'ನ' ಅನ್ನುತ್ತಾರೆ. ಪ-ಇ-ನ. ಎಷ್ಟು ಬೇಗ ಹೇಳಿದರೂ ಅದು 'ಪಿನ್' ಆಗುವುದಿಲ್ಲ, 'ಪಯಿನ' ಆಗುತ್ತದೆ. ನಮ್ಮ ವ್ಯಂಜನಗಳೊಳಗೆ 'ಅ' ಕೂತಿರುವುದರಿಂದ ಹೀಗೆ. ಅದನ್ನು ತೆಗೆಯುವುದು ಟೀಚರುಗಳಿಗೆ ಹೊಸ ವಿದ್ಯೆ ಏನಲ್ಲ; ಕಾಗುಣಿತ ಕಲಿಸುವಾಗ ಕ್ + ಅ = ಕ, ಕ್ + ಇ = ಕಿ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ? ಬೋರ್ಡಿನ ಮೇಲೆ ಹಾಗೆಯೇ ಬರೆಯಿರಿ: ಪ್ + ಇ + ನ್ = ಪಿನ್. "ಓ, ಇದು ಗುಣಿತಾಕ್ಷರದ್ದೇ ಲೆಕ್ಕ" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂದೇ ಬರುತ್ತದೆ. ಬಂದ ಮೇಲೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಅಭ್ಯಾಸ ಹೀಗೆ ಮಾಡಿಸಿ. ಮೊದಲು ಎಳೆಯಬಹುದಾದ ಸದ್ದುಗಳು: ಸ್, ಮ್, ನ್, ಫ್, ಲ್. 'ಮ್‌ಮ್‌ಮ್' ಎಂದು ಉಸಿರು ಇರುವವರೆಗೆ ಎಳೆಯಲಿ, ಕೊನೆಯಲ್ಲಿ 'ಅ' ಸೇರಿಸದೆ ಬಾಯಿ ಮುಚ್ಚಿಯೇ ನಿಲ್ಲಿಸಲಿ. ಆಮೇಲೆ ಪ್, ಟ್, ಕ್. ಇವನ್ನು ಎಳೆಯಲಾಗದು, ಪಿಸುಗುಟ್ಟಬೇಕು. ಗಂಟಲ ಮೇಲೆ ಬೆರಳಿಟ್ಟುಕೊಳ್ಳಲು ಹೇಳಿ. ಬೆರಳಿಗೆ ನಡುಕ ತಾಗಿದರೆ 'ಅ' ಒಳಗೆ ನುಸುಳಿದೆ ಎಂದರ್ಥ. ಬ್, ಡ್, ಗ್ ಸದ್ದುಗಳಿಗೆ ಈ ಬೆರಳಿನ ಪರೀಕ್ಷೆ ನಡೆಯದು, ಅಲ್ಲಿ ನಡುಕ ಸಹಜ. ಆದಷ್ಟು ಚುಟುಕಾಗಿ ಹೇಳಿದರೆ ಸಾಕು.

ಪದದ ಕೊನೆಗೆ 'ಉ' ಬಂದು ಕೂಡುವುದು ಇನ್ನೊಂದು. ಬುಕ್ಕು, ಬ್ಯಾಗು, ಕಪ್ಪು. ಇದು ಕನ್ನಡದ ನಾಲಿಗೆಯ ಸಹಜ ಗುಣ, ಬೈಯುವಂಥದ್ದಲ್ಲ. ನಮ್ಮ ಕಡೆ ಮಾತಿನಲ್ಲಿ 'ಹೋಗ್', 'ಯಾಕ್', 'ಬ್ಯಾಡ್' ಎಂದು ಮೊಟಕುಮಾಡುತ್ತೇವಲ್ಲ, ಅದನ್ನೇ ಹಿಡಿದುಕೊಳ್ಳಿ. 'ಹೋಗ್' ಅಂದ ಬಾಯಿಯಲ್ಲೇ 'ಡಾಗ್' ಅನ್ನಲಿ. ಮಕ್ಕಳಿಗೆ ಇದು ಮೇಷ್ಟ್ರಿಗಿಂತ ಬೇಗ ಹಿಡಿಯುತ್ತದೆ.

ಉಚ್ಚಾರದ ವಿಷಯದಲ್ಲಿ ಎಲ್ಲವನ್ನೂ ತಿದ್ದಲು ಹೋಗಬೇಡಿ. 'ಎಗ್' ಹೋಗಿ 'ಯೆಗ್' ಆದರೆ ಯಾವ ಅನಾಹುತವೂ ಇಲ್ಲ. ವಿ ಮತ್ತು ಡಬ್ಲ್ಯು ಎರಡಕ್ಕೂ ನಾವು 'ವ' ಅನ್ನುತ್ತೇವೆ, ಅನ್ನಲಿ. ಅರ್ಥ ಕೆಡುವ ಕಡೆ ಮಾತ್ರ ಹಟ ಹಿಡಿಯಿರಿ: ಪ್ಯಾನ್ ಮತ್ತು ಪೆನ್, ಮ್ಯಾನ್ ಮತ್ತು ಮೆನ್, ಬ್ಯಾಟ್ ಮತ್ತು ಬೆಟ್. ಈ ಜೋಡಿಗಳನ್ನು ಕಿವಿಯಿಂದ ಗುರುತಿಸುವ ಆಟ ಆಡಿಸಿ; ಎಡಗೈ ಎತ್ತಿದರೆ ಒಂದು, ಬಲಗೈ ಎತ್ತಿದರೆ ಇನ್ನೊಂದು. ಟೀಚರುಗಳೇ ಅರ್ಧದಷ್ಟು ತಪ್ಪು ಕೈ ಎತ್ತುತ್ತಾರೆ. ಅದಕ್ಕೇ ಈ ಆಟ ತರಬೇತಿಯಲ್ಲೇ ಆಗಬೇಕು.

ಉರ್ದು ಮನೆಮಾತಿನ ಮಕ್ಕಳಿರುವ ಶಾಲೆಗಳಿಗೆ ಒಂದು ಅನುಕೂಲ ಇದೆ. ಝಡ್ ಸದ್ದು, ಎಫ್ ಸದ್ದು ಆ ಮಕ್ಕಳ ಬಾಯಲ್ಲಿ ಮೊದಲೇ ಇದೆ. ಅಂಥ ಮಗುವನ್ನೇ ಮುಂದೆ ಕರೆದು ಉಳಿದವರಿಗೆ ಹೇಳಿಕೊಡಲು ಬಿಡಿ ಎಂದು ಟೀಚರುಗಳಿಗೆ ಹೇಳುತ್ತೇನೆ. ಕನ್ನಡದ ಅವಧಿಯಲ್ಲಿ ಸದಾ ಹಿಂದೆ ಕೂಡುವ ಹುಡುಗಿಗೆ ಅಂದು ಬೇರೆಯೇ ಕಳೆ.

ಅರ್ಥ ಕನ್ನಡದಲ್ಲೇ ಬರಲಿ

"ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಬಾರದು" ಎಂಬ ಬೋರ್ಡು ಕೆಲವು ಕಡೆ ಕಂಡಿದ್ದೇನೆ. ಅದನ್ನು ತೆಗೆಸಿ. ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿ, ಚಿತ್ರ ನೋಡಿ ಹರಟೆ ಹೊಡೆದು, ಮರುದಿನ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದಿದರೆ ಮಗು ಪದವನ್ನು ಊಹಿಸುವ ಧೈರ್ಯ ಮಾಡುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪುಕ್ಕಟೆ ಸಿಗುತ್ತದೆ. ಮೊದಲ ಹಂತದ ಕಥೆಗಳಲ್ಲಿ ಪುಟಕ್ಕೆ ಒಂದೆರಡು ಸಾಲು. ಅಂಥ ಒಂದು ಕಥೆಯನ್ನು ತರಬೇತಿಯಲ್ಲೇ ದೊಡ್ಡ ಪುಸ್ತಕ ಮಾಡಿಸಿ. ಹಳೇ ಕ್ಯಾಲೆಂಡರಿನ ಹಿಂಬದಿ, ಮಾರ್ಕರ್ ಪೆನ್ನು, ಹೊಲಿಯಲು ಗೋಣಿದಾರ. ಕೊನೆಯ ಸಾಲಿನ ಮಗುವಿಗೂ ಅಕ್ಷರ ಕಾಣಬೇಕು, ಅದೊಂದೇ ನಿಯಮ. ಓದುವಾಗ ಬೆರಳು ಪದದ ಕೆಳಗೆ ಸರಿಯಬೇಕು, ಬೆರಳಿಗಿಂತ ಬಾಯಿ ಮುಂದೆ ಓಡಬಾರದು.

ತಾಂಡಾ ಶಾಲೆಗಳಲ್ಲಿ ಲೆಕ್ಕ ಬೇರೆ. ಲಂಬಾಣಿ ಮಾತಾಡುವ ಒಂದನೇ ತರಗತಿ ಮಗುವಿಗೆ ಕನ್ನಡವೇ ಹೊಸದು. ಅಲ್ಲಿ 'ವಾಟರ್ ಅಂದರೆ ನೀರು' ಎಂದರೆ ಅರ್ಥ ಹೇಳಿದಂತಾಗಲಿಲ್ಲ, 'ಪಾಣಿ' ಎನ್ನುವವರೆಗೆ. ಆ ಶಾಲೆಯ ಟೀಚರು ತಮ್ಮ ಪಾಠದ ಮುಖ್ಯ ಪದಗಳಿಗೆ ಲಂಬಾಣಿ ಪದಗಳನ್ನು ಮಕ್ಕಳಿಂದಲೇ ಕೇಳಿ ಬರೆದಿಟ್ಟುಕೊಳ್ಳಲಿ. ನಾಲ್ಕನೇ, ಐದನೇ ತರಗತಿಯ ಮಕ್ಕಳು ಸಂತೋಷದಿಂದ ಹೇಳಿಕೊಡುತ್ತಾರೆ.

ಇಂಗ್ಲಿಷ್ ಪದದ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆಯುವ ಚಾಳಿ ಬಗ್ಗೆ ಯಾವಾಗಲೂ ಕೇಳುತ್ತಾರೆ. ಟೀಚರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ, ನನ್ನ ತಕರಾರಿಲ್ಲ. ಬೋರ್ಡಿನ ಮೇಲೆ ಬೇಡ. ಕೆಳಗೆ ಕನ್ನಡ ಇದ್ದರೆ ಯಾವ ಮಗುವೂ ಮೇಲಿನ ಸಾಲು ನೋಡುವುದಿಲ್ಲ, ನಾವಾದರೂ ನೋಡುತ್ತೇವೆಯೇ?

ಪಾಠ ಮಾಡಿ ತೋರಿಸುವಾಗ

ದೊಡ್ಡವರೇ ಮಕ್ಕಳಂತೆ ನಟಿಸುವ ಮಾದರಿ ಪಾಠದಿಂದ ಏನೂ ತಿಳಿಯದು. ಸಭೆ ನಡೆಯುವುದು ಶಾಲೆಯಲ್ಲೇ ಅಲ್ಲವೇ, ಎರಡನೇ ತರಗತಿಯ ಹತ್ತು ಹನ್ನೆರಡು ಮಕ್ಕಳನ್ನು ಅರ್ಧ ಗಂಟೆ ಕರೆಸಿಕೊಳ್ಳಿ. ಜಾಣರನ್ನೇ ಆರಿಸಿ ಕಳಿಸುತ್ತಾರೆ, ಬೇಡ ಎಂದು ಮೊದಲೇ ಹೇಳಿ. ಮೊದಲು ಕೈಕಾಲು ಆಡಿಸುವ ಒಂದು ಪದ್ಯ, ಆಮೇಲೆ ದೊಡ್ಡ ಪುಸ್ತಕದ ಎರಡು ಪುಟ, ಒಂದು ಹೊಸ ಸದ್ದು, ಆ ಸದ್ದು ಸೇರಿಸಿ ಮೂರು ಪದ, ಪಾಟಿಯ ಮೇಲೆ ಒಂದು ಪದದ ಬರವಣಿಗೆ. ನಲಿ-ಕಲಿಯ ತಟ್ಟೆಗಳ (ಮಕ್ಕಳು ಕೂಡುವ ಗುಂಪುಗಳ) ನಡುವೆ ಇದನ್ನು ಎಲ್ಲಿ ಕೂಡಿಸುವುದು ಎಂಬುದು ಟೀಚರುಗಳಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಅವರಿಗೇ ಬಿಡಿ.

ನೋಡುವವರಿಗೆ ಒಂದೇ ಕೆಲಸ ಕೊಡಿ: ಒಬ್ಬೊಬ್ಬರು ಒಂದೊಂದು ಮಗುವನ್ನು ಮಾತ್ರ ನೋಡಬೇಕು. ಅದು ಯಾವಾಗ ಬಾಯಿ ತೆರೆಯಿತು, ಯಾವಾಗ ಪಕ್ಕದವರ ಬಾಯಿ ನೋಡಿ ದನಿಗೂಡಿಸಿತು, ಯಾವಾಗ ಕಿಟಕಿಯ ಕಡೆ ತಿರುಗಿತು. ಎಲ್ಲರೂ ಒಟ್ಟಿಗೆ ಹೇಳುವಾಗ ಅರ್ಧ ಮಕ್ಕಳು ತುಟಿ ಮಾತ್ರ ಆಡಿಸುತ್ತಾರೆ ಎಂಬುದನ್ನು ಹೀಗೆ ಕೂತು ನೋಡಿದವರು ಮರೆಯುವುದಿಲ್ಲ.

ಆಮೇಲಿನ ತಿಂಗಳುಗಳು

ಒಂದೇ ದಿನದಲ್ಲಿ ಎಲ್ಲ ಹೇಳಿ ಕೈತೊಳೆದುಕೊಳ್ಳುವುದಕ್ಕಿಂತ ಪ್ರತಿ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ, ಒಂದೇ ವಿಷಯ. ಜೂನ್, ಜುಲೈನಲ್ಲಿ ಮಾತು ಮತ್ತು ಮೊದಲ ಆರು ಸದ್ದು. ದಸರೆ ರಜೆಯೊಳಗೆ ಮೂರಕ್ಷರದ ಪದ. ರಜೆ ಮುಗಿದ ಮೇಲೆ ಸಾಲುಗಳು, ಕಥೆ. ಮಧ್ಯೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರಕ್ಕೊಂದು ಸದ್ದನ್ನು ನೀವೇ ಹೇಳಿ ಧ್ವನಿ ಸಂದೇಶ ಹಾಕಿ. ಶುಭೋದಯದ ಹೂವಿನ ಚಿತ್ರಗಳ ನಡುವೆ ಅದೂ ಒಂದು ಇರಲಿ.

ಶಾಲೆಗೆ ಭೇಟಿ ಕೊಟ್ಟಾಗ ಬಿಸಿಯೂಟದ ಮೊಟ್ಟೆಯ ಲೆಕ್ಕ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಎಂಟ್ರಿ ಎಲ್ಲ ನೋಡಲೇಬೇಕಾಗುತ್ತದೆ, ಸಿಆರ್‌ಪಿಯ ಹಣೆಬರಹ. ಆದರೆ ಇಂಗ್ಲಿಷ್ ಅವಧಿ ನೋಡುವಾಗ ರಿಜಿಸ್ಟರ್ ಕೈಯಲ್ಲಿ ಹಿಡಿಯಬೇಡಿ. ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆ ಕೂಡಿ. ಮುಗಿದ ಮೇಲೆ ಒಂದೇ ಮಾತು ಹೇಳಿ, ಅದೂ ಮಕ್ಕಳ ಎದುರು ಅಲ್ಲ.

ಮಕ್ಕಳು ಓದುತ್ತಿದ್ದಾರೋ ಒಪ್ಪಿಸುತ್ತಿದ್ದಾರೋ ತಿಳಿಯಲು ಪರೀಕ್ಷೆ ಬೇಡ, ಒಂದು ಕಾರ್ಡು ಸಾಕು. ಹತ್ತು ಪದ: ಐದು ತರಗತಿಯಲ್ಲಿ ಕಲಿಸಿದವು, ಐದು ಅವೇ ಅಕ್ಷರಗಳಿಂದ ಕಟ್ಟಿದ ಹೊಸವು. ಪಿನ್, ಟ್ಯಾಪ್ ಕಲಿಸಿದ್ದರೆ ನಿಪ್, ಪ್ಯಾಟ್ ಹೊಸವು. ಕಲಿಸಿದ್ದನ್ನು ಓದಿ ಹೊಸದಕ್ಕೆ ನಿಂತುಬಿಟ್ಟರೆ ಮಗು ಪದದ ಆಕಾರ ನೆನಪಿಟ್ಟುಕೊಂಡಿದೆ ಅಷ್ಟೇ, ಸದ್ದು ಕೂಡಿಸುವ ಕೆಲಸಕ್ಕೆ ಮರಳಬೇಕು. ಹೊಸದನ್ನೂ ಓದಿ, ಅರ್ಥ ಕೇಳಿದರೆ ತಲೆ ಅಲ್ಲಾಡಿಸಿದರೆ ಚಿತ್ರ ಮತ್ತು ಮಾತಿನ ಕೆಲಸ ಬಾಕಿ ಇದೆ. ಯಾವ ಪದದಲ್ಲಿ ಏನೆಂದು ಓದಿತು ಎಂಬುದನ್ನು ಕನ್ನಡದಲ್ಲೇ ಪಕ್ಕದಲ್ಲಿ ಬರೆಯಲಿ. ತಪ್ಪು ಗುರುತು ಮಾತ್ರ ಹಾಕಿದರೆ ನಮಗೆ ಏನೂ ತಿಳಿಯದು. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಇಂಥ ಮೂರು ಕಾರ್ಡು ತರಬೇಕು. ಚೆನ್ನಾಗಿ ಓದುವ ಮಗುವಿನ ಕಾರ್ಡು ತಂದವರಿಗೆ ಚಹಾ ತಡವಾಗಿ ಬರುತ್ತದೆ ಎಂದು ನಮ್ಮ ಕ್ಲಸ್ಟರಿನಲ್ಲಿ ಹೇಳಿಟ್ಟಿದ್ದೇನೆ.